ಸೋಡಾ ಜಲಜಮ್ಮನ ಸೌತೆಕಾಯಿ

ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜಲಜಮ್ಮ ಗೋಲಿ ಸೋಡಾ ಮಾಡಿ ಮಾರುತ್ತಿದ್ದ ಕಾಲದಲ್ಲಿ, ಮದುವೆ ಊಟ ಮುಗಿಸಿ ಊರಿಗೆ ಹೊರಟವರು ಅವಳ ಅಂಗಡಿಗೆ ಬಾರದೆ ಬಸ್ಸು ಹತ್ತುತ್ತಿರಲಿಲ್ಲ. ಗಂಡ ಜಯಪ್ಪ ಮಷೀನಿನ ಹಿಡಿ ತಿರುಗಿಸುವುದು, ಜಲಜಮ್ಮ ಶೀಶೆಗೆ ಶುಂಠಿಯನ್ನೋ ನಿಂಬೆಯನ್ನೋ ಹಾಕಿ ಮಷೀನಿಗೆ ಕೊಡುವುದು, ಗೋಲಿ ಟಪ್ಪೆಂದು ಶೀಶೆಯ ಬಾಯಿಗೆ ಬಂದು ಕೂರುವುದು. ಗ್ಯಾಸು ಸಾಕೋ ಬೇಕೋ ಎಂಬುದನ್ನು ಅವಳು ಸದ್ದು ಕೇಳಿಯೇ ಹೇಳುತ್ತಿದ್ದಳು. ಹೀಗಾಗಿ ಅವಳಿಗೆ ಸೋಡಾ ಜಲಜಮ್ಮ ಎಂಬ ಹೆಸರು ಬಿತ್ತು. ಅಂಗಡಿ ಮುಚ್ಚಿದ ಮೇಲೂ ಹೆಸರು ಮುಚ್ಚಲಿಲ್ಲ.

ಅಂಗಡಿ ಮುಚ್ಚಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಜನಕ್ಕೆ ಬಣ್ಣಬಣ್ಣದ ಪ್ಲಾಸ್ಟಿಕ್ ಬಾಟಲಿ ಇಷ್ಟವಾಯಿತು, ಜಯಪ್ಪನಿಗೆ ರಟ್ಟೆ ನೋವು ಬಂತು. ಮಷೀನು, ಶೀಶೆಯ ಕ್ರೇಟುಗಳು, ಎರಡು ಗ್ಯಾಸ್ ಸಿಲಿಂಡರು ಎಲ್ಲವನ್ನೂ ಲಗೇಜ್ ಆಟೋಕ್ಕೆ ಹೇರಿಕೊಂಡು, ಹೊಸನಗರ ರಸ್ತೆಯಲ್ಲಿ ಬಟ್ಟೆಮಲ್ಲಪ್ಪ ದಾಟಿ ಸಿಗುವ ತಮ್ಮ ಮನೆಗೆ ಬಂದರು. ಜಯಪ್ಪನಿಗೆ ಬಿಡುವು ಬಹಳ ಒಗ್ಗಿತು. ಬೆಳಿಗ್ಗೆ ಪೇಪರು, ಮಧ್ಯಾಹ್ನ ನಿದ್ದೆ, ಸಂಜೆ ಕೆರೆ ಏರಿಯ ಮೇಲೆ ಗಾಳ. ಜಲಜಮ್ಮನಿಗೆ ಮಾತ್ರ ಕೈ ತುರಿಸುತ್ತಿತ್ತು. ಒಂದಷ್ಟು ದಿನ ಮನೆಯ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದಳು. ಪಾತ್ರೆ ಮುಗಿದ ಮೇಲೆ ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕತೊಡಗಿದಳು.

ಸೊಸೆ ಕುಮುದಾ ತೀರ್ಥಹಳ್ಳಿ ಕಡೆಯವಳು. ಮಗ ನಟರಾಜ್ ಸಾಗರ–ಹೊಸನಗರದ ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರು. ಅವನು ಬೆಳಿಗ್ಗೆ ಬಸ್ಸಿಗೆ ಹೋದರೆ, ಇವಳು ಮನೆಯ ಹಿಂದಿನ ದಿಣ್ಣೆಯ ಪಾಲಿಹೌಸಿಗೆ ಹೋಗುತ್ತಿದ್ದಳು. ಇಲಾಖೆಯ ಸಬ್ಸಿಡಿಯಲ್ಲಿ ಅಕ್ಕಪಕ್ಕ ಕಟ್ಟಿದ ಎರಡು ಪ್ಲಾಸ್ಟಿಕ್ ಮನೆಗಳು ಅವು. ಒಳಗೆ ಬೀಜವಿಲ್ಲದ ಉದ್ದನೆಯ ಇಂಗ್ಲಿಷ್ ಸೌತೆಯ ಬಳ್ಳಿಗಳು ದಾರ ಹಿಡಿದು ಮೇಲಕ್ಕೆ ಹತ್ತುತ್ತಿದ್ದವು. ಅತ್ತೆ ಅಲ್ಲಿಗೆ ಕಾಲಿಡುತ್ತಿರಲಿಲ್ಲ. "ಗಿಡಕ್ಕೂ ಮನೆ ಕಟ್ಟಿಕೊಡೋ ಕಾಲ ಬಂತು. ಇನ್ನು ಮಂಚ ಒಂದು ಬಾಕಿ" ಎನ್ನುತ್ತಿದ್ದಳು.

ಒಂದು ಚಳಿಗಾಲದ ಮಧ್ಯಾಹ್ನ ಊಟಕ್ಕೆ ಕೂತಾಗ ಕುಮುದಾ ಯಾರಿಗೂ ಹೇಳದವಳ ಹಾಗೆ ಹೇಳಿಕೊಂಡಳು. "ಚಳಿ ಅಂತ ಪಾಲಿಹೌಸಿನ ಪರದೆ ಮುಚ್ಚಿದ್ರೆ ಒಳಗಿನ ಗಾಳೀಲಿ ಇಂಗಾಲದ ಡೈಆಕ್ಸೈಡ್ ಖಾಲಿ ಆಗುತ್ತೆ. ಪರದೆ ತೆಗೆದ್ರೆ ಚಳಿಗೆ ಬಳ್ಳಿ ಮುದುಡುತ್ತೆ. ಎಂತ ಮಾಡದು ಅಂತಲೇ ಗೊತ್ತಾಗ್ತಿಲ್ಲ."

"ಅದೆಂತದು ಖಾಲಿ ಆಗದು?" ಎಂದಳು ಜಲಜಮ್ಮ, ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಲು ತೆರೆದಿದ್ದ ಬಾಯಿಯಲ್ಲೇ.

"ಗಿಡ ಬೆಳೆಯೋಕೆ ಬೇಕಾದ ಗ್ಯಾಸು. ಬಿಸಿಲಲ್ಲಿ ಎಲೆ ಅದನ್ನ ಎಳ್ಕೊಂಡು ಆಹಾರ ಮಾಡ್ಕೊಳ್ಳುತ್ತೆ. ಹೊರದೇಶದಲ್ಲಿ ಹಸಿರುಮನೆ ಒಳಗೆ ಅದನ್ನ ಬೇರೆಯಾಗೇ ಬಿಡ್ತಾರಂತೆ, ಇಳುವರಿ ಜಾಸ್ತಿ ಬರುತ್ತಂತೆ. ಟ್ರೈನಿಂಗಲ್ಲಿ ಹೇಳಿದ್ರು."

"ನಮ್ಮೂರಲ್ಲಿ ಸಿಗಲ್ವಾ ಆ ಗ್ಯಾಸು?"

ಕುಮುದಾ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಅಷ್ಟು ಹೊತ್ತಿನವರೆಗೂ ಅವಳಿಗೂ ಹೊಳೆದಿರಲಿಲ್ಲ. "ಅತ್ತೆ, ನೀವು ಸೋಡಾಕ್ಕೆ ತುಂಬ್ತಿದ್ರಲ್ಲ, ಅದೇ ಗ್ಯಾಸು!"

ಜಲಜಮ್ಮನ ಕೈಯ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಅವತ್ತು ಅವಳು ಮಜ್ಜಿಗೆ ಊಟ ಮಾಡಲಿಲ್ಲ. ಕೈ ತೊಳೆದು ನೇರ ಕೊಟ್ಟಿಗೆಯ ಅಟ್ಟದ ಕೆಳಗೆ ಹೋಗಿ, ಗೋಣಿಚೀಲ ಹೊದ್ದು ಮಲಗಿದ್ದ ಸಿಲಿಂಡರನ್ನು ಎಬ್ಬಿಸಿ ನಿಲ್ಲಿಸಿದಳು.

ಜಯಪ್ಪನಿಗೆ ವಿಷಯ ತಿಳಿದಾಗ ಅವನು ಪೇಪರು ಮಡಚಿದ. "ಸೌತೆಕಾಯಿಗೆ ಸೋಡಾ ಕುಡಿಸ್ತೀರಾ? ನಾಳೆ ಬದನೆಕಾಯಿ ಕಾಫಿ ಕೇಳಿದ್ರೆ?"

"ನೀವು ಕೇಳಿದಾಗೆಲ್ಲ ಮಾಡಿ ಕೊಡ್ತಾ ಇಲ್ವಾ? ಅದಕ್ಕೂ ಕೊಡನ" ಎಂದಳು ಜಲಜಮ್ಮ. "ಏಳಿ, ಸ್ಪ್ಯಾನರ್ ಎಲ್ಲಿಟ್ಟಿದೀರ ಹುಡುಕಿ."

ಕುಮುದಾ ಒಂದು ಷರತ್ತು ಹಾಕಿದಳು. ಗ್ಯಾಸನ್ನು ಒಂದೇ ಮನೆಗೆ ಬಿಡುವುದು, ಇನ್ನೊಂದನ್ನು ಇದ್ದ ಹಾಗೇ ಇಡುವುದು. ಗೊಬ್ಬರ, ನೀರು, ತಳಿ ಎಲ್ಲ ಒಂದೇ. ಆಗ ಮಾತ್ರ ಲಾಭವೋ ಭ್ರಮೆಯೋ ತಿಳಿಯುತ್ತದೆ. ಜಲಜಮ್ಮನಿಗೆ ಇದು ಎರಡು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಬೆಲ್ಲ ಕೊಟ್ಟ ಹಾಗೆ ಕಂಡಿತು. ಆದರೂ ಒಪ್ಪಿದಳು. ಹಳೆಯ ಡ್ರಿಪ್ ಪೈಪನ್ನು ಬಳ್ಳಿಯ ಸಾಲುಗಳ ಬುಡದಲ್ಲಿ ಎಳೆದು, ತೂತಿನ ಮೂಲಕ ಗ್ಯಾಸು ಸಣ್ಣಗೆ ಹೊರಬರುವಂತೆ ಜಯಪ್ಪ ಜೋಡಿಸಿಕೊಟ್ಟ. ನಟರಾಜ್ ಸಿಲಿಂಡರುಗಳನ್ನು ಸಾಗರದಲ್ಲಿ ತುಂಬಿಸಿ ತಂದ, ಫೋನಿನಲ್ಲಿ ಹುಡುಕಿ, ಗಾಳಿಯಲ್ಲಿ ಆ ಗ್ಯಾಸು ಎಷ್ಟಿದೆ ಎಂದು ತೋರಿಸುವ ಅಂಗೈಯಗಲದ ಮೀಟರು ತರಿಸಿದ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನಾನೂರು ಚಿಲ್ಲರೆ ಪಾಲು. ಬಿಸಿಲೇರಿದ ಮೇಲೆ ಮುಚ್ಚಿದ ಮನೆಯೊಳಗೆ ನೋಡಿದರೆ ಇನ್ನೂರರ ಆಸುಪಾಸಿಗೆ ಇಳಿದಿತ್ತು. "ಅಯ್ಯೋ, ಉಪವಾಸ ಕೂತಿವೆಯಲ್ಲೇ!" ಎಂದು ಜಲಜಮ್ಮ ಮರುಗಿದಳು.

ಮರುಕ ಹೆಚ್ಚಾದಲ್ಲಿ ತಪ್ಪೂ ಆಗುತ್ತದೆ. ಸೋಡಾ ಕಾಲದ ರೂಢಿಯಂತೆ ಅವಳು ಕೋಳಿ ಕೂಗುವ ಮೊದಲೇ ಎದ್ದು, ಮಂಜಿನಲ್ಲಿ ತಡವರಿಸುತ್ತ ಹೋಗಿ, ವಾಲ್ವು ತಿರುಗಿಸಿ ಬಂದು ಚಹಾ ಕುಡಿಯುತ್ತಿದ್ದಳು. ವಾರ ಕಳೆದರೂ ಎರಡು ಮನೆಗಳಿಗೆ ಒಂದಿಷ್ಟೂ ವ್ಯತ್ಯಾಸವಿಲ್ಲ. ಸಿಲಿಂಡರು ಮಾತ್ರ ಹಗುರವಾಗುತ್ತಿತ್ತು. ಕುಮುದಾ ಒಂದು ದಿನ ಬೇಗನೆ ಎದ್ದಾಗ ಗುಟ್ಟು ತಿಳಿಯಿತು.

"ಅತ್ತೆ, ಕತ್ತಲಲ್ಲಿ ಬಿಟ್ರೆ ಗಿಡ ತಗೊಳಲ್ಲ. ಬಿಸಿಲು ಬಿದ್ರೆ ಮಾತ್ರ ಅದಕ್ಕೆ ಊಟ. ರಾತ್ರಿಯೆಲ್ಲ ಅದೂ ನಮ್ಮ ಹಾಗೇ ಉಸಿರು ಬಿಡ್ತಾ ಇರುತ್ತೆ. ಬೆಳಗಿನ ಜಾವ ಮೀಟರು ನೋಡಿ, ಒಳಗೆ ಬೇಕಾದಷ್ಟು ಇರುತ್ತೆ. ಬಿಸಿಲು ಬಂದು ಅರ್ಧ ಗಂಟೆ ಆದ್ಮೇಲೆ ಇಳಿಯೋಕೆ ಶುರು ಆಗುತ್ತೆ. ಆಗ ಬಿಡ್ಬೇಕು."

"ಹೇಳ್ಬಾರ್ದಾ ಮೊದ್ಲೇ?"

"ನೀವು ಕೇಳಿದ್ರಾ?"

ಜಲಜಮ್ಮ ವಾಲ್ವನ್ನು ತಿರುಗಿಸಿ ಮುಚ್ಚಿದಳು. ಬಳಿಕ ತಾನೇ, "ನಾನು ಎಲೆ ಹಾಕೋ ಮೊದ್ಲೇ ಪಾಯಸ ಬಡಿಸಿದ ಹಾಗಾಯ್ತು" ಎಂದು ನಕ್ಕಳು. ಅವಳ ನಗು ನೋಡಿ ಕುಮುದಾಗೂ ನಗು ಬಂತು. ಮದುವೆಯಾಗಿ ಬಂದ ಮೇಲೆ ಅತ್ತೆ ಸೊಸೆ ಒಂದೇ ಮಾತಿಗೆ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಜಯಪ್ಪ ಅಂಗಳದಿಂದ ಬಗ್ಗಿ ನೋಡಿ, ಏನೋ ಅನಾಹುತವಾಗಿರಬೇಕು ಎಂದುಕೊಂಡ.

ಅಲ್ಲಿಂದ ಮುಂದೆ ಕೆಲಸ ಹದಕ್ಕೆ ಬಂತು. ಮಂಜು ಹರಿದು ಪ್ಲಾಸ್ಟಿಕ್ಕಿನ ಮೇಲೆ ಬಿಸಿಲು ಬಿದ್ದ ಮೇಲೆ ವಾಲ್ವು ತೆಗೆಯುವುದು, ಮೀಟರು ಎಂಟುನೂರು ದಾಟಿದರೆ ಬಿಗಿ ಮಾಡುವುದು, ಸೆಖೆ ಏರಿ ಪರದೆ ಎತ್ತುವ ಮುಂಚೆ ಪೂರ್ತಿ ಮುಚ್ಚುವುದು. ಗ್ಯಾಸು ನೆಲಮಟ್ಟದಲ್ಲಿ ಕೂರುವ ಜಾತಿಯದ್ದಾದ್ದರಿಂದ ವಾಲ್ವು ತೆರೆದಿರುವಾಗ ಒಳಗೆ ಯಾರೂ ಕೂತು ಕೆಲಸ ಮಾಡಕೂಡದು, ಮಲಗಲಂತೂ ಕೂಡದು ಎಂದು ಕುಮುದಾ ಕಟ್ಟಪ್ಪಣೆ ಮಾಡಿದಳು. ಈ ಕೊನೆಯ ಮಾತನ್ನು ಅವಳು ಮಾವನ ಕಡೆ ನೋಡಿಯೇ ಹೇಳಿದ್ದು. ಬೆಚ್ಚಗಿನ ಜಾಗ ಕಂಡರೆ ಜಯಪ್ಪ ಚಾಪೆ ಹುಡುಕುತ್ತಿದ್ದ.

ಇಷ್ಟರಲ್ಲಿ ಸುದ್ದಿ ಪಕ್ಕದ ಮನೆಯ ಮುಕುಂದಯ್ಯನಿಗೆ ಮುಟ್ಟಿತು. ಮುಕುಂದಯ್ಯ ಒಳ್ಳೆಯ ಮನುಷ್ಯ, ಮಾತು ಮಾತ್ರ ಉದ್ದ. ಒಂದು ಬೆಳಿಗ್ಗೆ, ಇನ್ನೂ ಗ್ಯಾಸು ಬಿಡುವ ಹೊತ್ತಾಗುವ ಮುಂಚೆ, ಕೈ ಹಿಂದೆ ಕಟ್ಟಿಕೊಂಡು ಪಾಲಿಹೌಸಿನೊಳಗೆ ಬಂದು ನಿಂತ.

"ಎಂತ ಜಲಜಮ್ಮ ಇದು? ಗಿಡಕ್ಕೆ ಗ್ಯಾಸು ಕೊಡೂದು ಅಂದ್ರೆ? ನಮ್ಮಜ್ಜನ ಕಾಲದಲ್ಲಿ ಸೌತೆಬೀಜ ಗುಂಡಿಲಿ ಹಾಕಿ ಒಂದು ಹಿಡಿ ಬೂದಿ ಉದುರಿಸಿದ್ರೆ ಬುಟ್ಟಿಗಟ್ಟಲೆ ಬಿಡ್ತಿತ್ತು..."

ಹೀಗೆ ಶುರುವಾದದ್ದು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಸೋದರಮಾವನ ಗದ್ದೆಗೆ, ಅಲ್ಲಿಂದ ಈಗಿನ ಮಂಗಗಳ ಕಾಟಕ್ಕೆ ಬಂತು. ಜಲಜಮ್ಮ ಹೂಂಗುಟ್ಟುತ್ತ ಅವನ ಭುಜದ ಪಕ್ಕದಲ್ಲಿ ತೂಗುಹಾಕಿದ್ದ ಮೀಟರಿನ ಕಡೆ ಕಣ್ಣು ಹಾಯಿಸಿದಳು. ಅಂಕಿ ಒಂದೇ ಸಮನೆ ಏರುತ್ತಿತ್ತು. ಅವಳ ಮುಖ ಅರಳಿತು.

"ನಿಲ್ಲಿಸ್ಬೇಡಿ ಮುಕುಂದಯ್ಯೋರೇ, ಮಾತಾಡಿ, ಮಾತಾಡಿ. ನೀವು ಬಂದ್ಮೇಲೆ ಗ್ಯಾಸು ಎರಡು ಪಟ್ಟು ಆಗಿದೆ! ನಾಳೆ ಸ್ವಲ್ಪ ಆ ಕೊನೆ ಸಾಲಿನ ಹತ್ರ ನಿಂತು ಮಾತಾಡ್ತೀರಾ? ಅಲ್ಲಿನ ಬಳ್ಳಿ ಬಡವಾಗಿದೆ."

ಮುಕುಂದಯ್ಯ ಬಾಯಿ ಮುಚ್ಚಿದ. ಕುಮುದಾ ಹಿಂದಿನಿಂದ, ನಮ್ಮ ಉಸಿರಲ್ಲಿ ಇರುವುದೂ ಅದೇ ಗ್ಯಾಸು, ಮೀಟರು ಮೂಗಿನ ಹತ್ತಿರ ಇದ್ದದ್ದರಿಂದ ಹಾಗೆ ತೋರಿಸಿತು, ಇಡೀ ಮನೆಗೆ ಅದು ಯಾವ ಲೆಕ್ಕಕ್ಕೂ ಇಲ್ಲ ಎಂದು ಸಮಾಧಾನ ಹೇಳಿದಳು. ಆದರೆ ಆಗಬೇಕಾದ ಅವಮಾನ ಆಗಿಹೋಗಿತ್ತು. ಅವನು ಮಾರನೆಯ ದಿನ ಬರಲಿಲ್ಲ. ಬದಲಿಗೆ ಸಾಗರಕ್ಕೆ ಹೋದ.

ಇತ್ತ ಗ್ಯಾಸಿನ ಮನೆಯ ಬಳ್ಳಿಗಳು ಪಕ್ಕದವನ್ನು ಹಿಂದೆ ಹಾಕಿದವು. ಎಲೆ ದಪ್ಪವಾಯಿತು, ಗೆಣ್ಣು ಗೆಣ್ಣಿಗೂ ಹೂ ಬಂತು, ಮೊದಲ ಕಾಯಿ ಈ ಮನೆಯಲ್ಲಿ ಕೈಗೆ ಬಂದಾಗ ಆ ಮನೆಯಲ್ಲಿ ಇನ್ನೂ ಕಿರುಬೆರಳಿನಷ್ಟಿತ್ತು. ಜಲಜಮ್ಮ ದಿನಕ್ಕೆ ನಾಲ್ಕು ಸಲ ಹೋಗಿ ಕಾಯಿಗಳ ಮೈ ಸವರಿ ಬರುತ್ತಿದ್ದಳು. ಆದರೆ ಕೆಲವೇ ದಿನಕ್ಕೆ ಬುಡದ ಎಲೆಗಳು ಹಳದಿಗೆ ತಿರುಗಿದವು. ಅವಳಿಗೆ ತೋಚಿದ ಮದ್ದು ಒಂದೇ: ಇನ್ನೂ ಗ್ಯಾಸು. ಸೋಡಾ ಸಪ್ಪೆ ಎಂದವರಿಗೆ ಅವಳು ಮಾಡುತ್ತಿದ್ದದ್ದೂ ಅದನ್ನೇ. ಹಳದಿ ಮತ್ತೂ ಮೇಲೇರಿತು.

"ಗ್ಯಾಸು ಕಮ್ಮಿ ಆಗಿದ್ದಲ್ಲ ಅತ್ತೆ, ಹೊಟ್ಟೆಗೆ ಕಮ್ಮಿ ಆಗಿದ್ದು" ಎಂದಳು ಕುಮುದಾ, ಎಲೆ ಮಗುಚಿ ನೋಡುತ್ತ. "ವೇಗವಾಗಿ ಬೆಳೆಯೋ ಗಿಡಕ್ಕೆ ಗೊಬ್ಬರಾನೂ ಜಾಸ್ತಿ ಬೇಕು. ಎರಡೂ ಮನೆಗೆ ಒಂದೇ ಅಳತೆ ಅಂತ ನಾನೇ ಹಟ ಮಾಡಿದ್ದು. ತಪ್ಪು ನನ್ನದೇ."

ಸೊಸೆ ತಪ್ಪು ಒಪ್ಪಿಕೊಂಡದ್ದನ್ನು ಕೇಳಿ ಜಲಜಮ್ಮನಿಗೆ ಒಳಗೊಳಗೇ ಹಿತವಾಯಿತು. ಆದರೆ ಬಾಡಿದ ಎಲೆ ನೋಡಿ ಅದನ್ನು ಬಹಳ ಹೊತ್ತು ಅನುಭವಿಸಲಾಗಲಿಲ್ಲ. ಇಬ್ಬರೂ ಕೂತು ಡ್ರಿಪ್ಪಿನಲ್ಲಿ ಕೊಡುವ ಗೊಬ್ಬರದ ನೀರನ್ನು ಹೆಚ್ಚಿಸಿದರು. ಹಳೆಯ ಎಲೆಗಳು ಉದುರಿದವು, ಹೊಸವು ಹಸಿರಾಗಿಯೇ ಬಂದವು. ಕಾಯಿಗಳು ಕ್ರೇಟು ತುಂಬತೊಡಗಿದವು.

ತುಂಬಿದ ಕ್ರೇಟುಗಳನ್ನು ನಟರಾಜ್ ಎಂದಿನಂತೆ ಬಸ್ಸಿನ ಟಾಪಿಗೆ ಏರಿಸಿ ಸಾಗರದ ತರಕಾರಿ ವ್ಯಾಪಾರಿ ರಾಜೇಂದ್ರನ ಅಂಗಡಿಗೆ ಇಳಿಸಿದ. ಸಂಜೆ ವಾಪಸು ಬಂದಾಗ ಬಸ್ಸಿನ ಟಾಪಿನಲ್ಲಿ ಅದೇ ಕ್ರೇಟುಗಳಿದ್ದವು.

"ಬೇಡವಂತೆ ಅಮ್ಮ" ಎಂದ ನಟರಾಜ್, ತಲೆ ಕೆರೆದುಕೊಳ್ಳುತ್ತ. "ಇದು ಸೋಡಾ ಸೌತೆಯಂತೆ. ತಿಂದ್ರೆ ಹೊಟ್ಟೆ ಉಬ್ಬುತ್ತಂತೆ, ಕುಯ್ದ್ರೆ ಬುಸ್ ಅನ್ನುತ್ತಂತೆ. ಹೋಟ್ಲಿನವ್ರು ಬೇಡ ಅಂದ್ರಂತೆ. ಮುಕುಂದಯ್ಯೋರು ಎಲ್ಲೋ ತಮಾಷೆಗೆ ಅಂದಿದ್ದು, ಊರೆಲ್ಲ ಹರಡಿಬಿಟ್ಟಿದೆ. ನನ್ನ ಬಸ್ಸಲ್ಲೇ ನಾಲ್ಕು ಜನ ಕೇಳಿದ್ರು."

ಸೋಡಾ ಎಂದರೆ ಜಲಜಮ್ಮನಿಗೆ ಬೈಗುಳವಲ್ಲ. ಆ ಮಾತನ್ನು ತನ್ನ ಬೆಳೆಗೆ ಮಸಿಯಂತೆ ಬಳಿದದ್ದು ಅವಳಿಗೆ ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಹಸಿರು ಸೀರೆ ಉಟ್ಟು, ಹರಿತವಾದ ಚಾಕು, ಉಪ್ಪು ಮೆಣಸಿನಪುಡಿ, ಸ್ಟೀಲಿನ ಹರಿವಾಣ ಹಿಡಿದು, ಕ್ರೇಟುಗಳ ಜೊತೆ ತಾನೂ ಮಗನ ಬಸ್ಸು ಹತ್ತಿದಳು. ಕುಮುದಾ ಕರೆಯದಿದ್ದರೂ ಹಿಂದೆಯೇ ಹತ್ತಿದಳು.

ರಾಜೇಂದ್ರನ ಅಂಗಡಿಯ ಮುಂದೆ ಹರಿವಾಣ ಇಟ್ಟು ಜಲಜಮ್ಮ ಸೌತೆಕಾಯಿ ಕುಯ್ಯತೊಡಗಿದಳು. ಹಳೆಯ ಗಿರಾಕಿಗಳು ಗುರುತು ಹಿಡಿದು ಸುತ್ತ ಸೇರಿದರು. 

"ಬುಸ್ ಅಂತಾ? ಕೇಳ್ಕೊಳ್ಳಿ!" ಅವಳು ಒಂದು ಕಾಯಿಯನ್ನು ಎತ್ತಿ ಎಲ್ಲರ ಕಿವಿಯ ಮುಂದೆ ಹಿಡಿದು ಕಚಕ್ಕೆಂದು ಕತ್ತರಿಸಿದಳು. "ಹಸು ಹುಲ್ಲು ತಿಂದು ಹಾಲು ಕೊಡುತ್ತಲ್ಲ, ಹಾಲು ಕುಡಿವಾಗ ನಿಮ್ಮ ಬಾಯಿಗೆ ಹುಲ್ಲು ಸಿಕ್ಕಿದ್ಯಾ? ಹಂಗೇ ಇದು. ಗಿಡ ಗ್ಯಾಸು ಕುಡಿದು ಎಲೆ ಮಾಡ್ಕೊಂಡಿದೆ, ಬಳ್ಳಿ ಮಾಡ್ಕೊಂಡಿದೆ, ಕಾಯಿ ಮಾಡಿದೆ. ಕಾಯೊಳಗೆ ಗ್ಯಾಸು ಉಳ್ಕೊಂಡಿಲ್ಲ. ತಿಂದು ನೋಡಿ!"

ಮೊದಲು ಯಾರೂ ಕೈ ಚಾಚಲಿಲ್ಲ. ಕೊನೆಗೆ ಗುಂಪಿನೊಳಗಿಂದ ಒಬ್ಬ ಭಾರಿ ಆಳು ಮುಂದೆ ಬಂದ. ಹಿಂದೆ ಲೈನ್‌ಮನ್ ಆಗಿದ್ದವನು, ಜಲಜಮ್ಮನ ಶುಂಠಿ ಸೋಡಾದ ಹಳೆಯ ಭಕ್ತ. ಒಂದು ಹೋಳು ತಿಂದ, ಇನ್ನೊಂದು ತಿಂದ, ರುಚಿ ಹತ್ತಿ ಅರ್ಧ ಕಾಯಿ ಮುಗಿಸಿದ. "ಸಿಹಿಯಾಗಿದೆ ಜಲಜಮ್ಮ. ಎಂತದೂ ಆಗಲ್ಲ, ಸುಮ್ಮನೆ ಜನ..." ಎನ್ನುವಷ್ಟರಲ್ಲಿ ಅವನ ಹೊಟ್ಟೆಯ ಆಳದಿಂದ ಎದ್ದ ಒಂದು ತೇಗು, ನಿಂತಿದ್ದ ಆಟೋಗಳ ಡ್ರೈವರುಗಳೂ ತಿರುಗಿ ನೋಡುವಂತೆ, ಮಾರ್ಕೆಟ್ಟಿನ ತುಂಬ ಮೊಳಗಿತು.

ಜಲಜಮ್ಮ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಎಂದುಕೊಂಡಳು.

ಲೈನ್‌ಮನ್ ಎದೆ ನೀವಿಕೊಂಡು, ಎಷ್ಟೋ ದಿನದ ಮೇಲೆ ಮಳೆ ಬಿಟ್ಟ ಆಕಾಶದಂಥ ಮುಖ ಮಾಡಿದ. "ಅಬ್ಬಾ! ಮೊನ್ನೆ ಬೀಗರೂಟದಿಂದ ಕಟ್ಕೊಂಡಿತ್ತು ಮಾರಾಯ್ರೇ. ಒಂದು ಕೆಜಿ ಕಟ್ಟಿ!"

ನಗು ಭುಗಿಲೆಂದಿತು. ನಗುವಿನ ಹಿಂದೆಯೇ ಕೈಗಳು ಬಂದವು. ಒಬ್ಬಳಿಗೆ ಗಂಡನ ಎದೆಯುರಿಗೆ ಬೇಕು, ಒಬ್ಬನಿಗೆ ಅಮ್ಮನ ಅಜೀರ್ಣಕ್ಕೆ ಬೇಕು. ನಿನ್ನೆ ಬೇಡ ಎಂದಿದ್ದ ಹೋಟೆಲಿನವನು ಒಂದು ಕ್ರೇಟು ಪಕ್ಕಕ್ಕೆ ಎಳೆದುಕೊಂಡ. "ಅಲ್ಲಪ್ಪ, ಅದು ಅವ್ರ ಹೊಟ್ಟೇಲೇ ಇದ್ದಿದ್ದು, ನನ್ನ ಕಾಯಿಂದ ಬಂದಿದ್ದಲ್ಲ!" ಎಂದು ಜಲಜಮ್ಮ ಕೂಗಿ ಹೇಳಿದಷ್ಟೂ ಜನ ಅದನ್ನು ವಿನಯ ಎಂದುಕೊಂಡರು. ಮಧ್ಯಾಹ್ನದೊಳಗೆ ಹರಿವಾಣದಲ್ಲಿ ಉಪ್ಪು ಮಾತ್ರ ಉಳಿದಿತ್ತು.

ಮುಂದಿನ ಸಲ ಹೋದಾಗ ರಾಜೇಂದ್ರ ಅಂಗಡಿಗೆ ಬೋರ್ಡು ಹಾಕಿದ್ದ: 'ಸೋಡಾ ಸೌತೆ. ಅಜೀರ್ಣಕ್ಕೆ ರಾಮಬಾಣ.' ಜಲಜಮ್ಮ ಅದನ್ನು ಓದಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಎರಡನೇ ಸಾಲು ಅಳಿಸು."

"ಅಯ್ಯೋ, ಅದರಿಂದಾನೇ ವ್ಯಾಪಾರ ಆಗ್ತಿರದು ಜಲಜಮ್ಮ! ನಾವೇನು ವಿಷ ಕೊಡ್ತಿದೀವಾ?"

"ನಾನು ಸೋಡಾ ಮಾರುವಾಗ ಸೋಡಾ ಅಂತಲೇ ಮಾರಿದೀನಿ, ಔಷಧಿ ಅಂತ ಮಾರಿಲ್ಲ. ಯಾರೋ ನಿಜವಾಗ್ಲೂ ಹೊಟ್ಟೆನೋವು ಅಂತ ಬಂದು, ಡಾಕ್ಟ್ರ ಹತ್ರ ಹೋಗದು ಬಿಟ್ಟು ಇದನ್ನ ತಿಂದ್ಕೊಂಡು ಕೂತ್ರೆ? ಅಳಿಸ್ತೀಯೋ, ಕ್ರೇಟು ವಾಪಸ್ ಬಸ್ಸಿಗೆ ಹಾಕ್ಲೋ?"

ರಾಜೇಂದ್ರ ಕುಮುದಾಳ ಕಡೆ ನೋಡಿದ. ಓದಿದವಳು, ವ್ಯವಹಾರ ತಿಳಿದವಳು, ತನ್ನ ಪರ ನಿಂತಾಳು ಎಂಬ ಆಸೆ. ಕುಮುದಾ ಆಗಲೇ ಒದ್ದೆ ಬಟ್ಟೆ ಹಿಡಿದು ಸ್ಟೂಲು ಹತ್ತಿದ್ದಳು. ಎರಡನೇ ಸಾಲು ಹೋಯಿತು. ಮೊದಲನೆಯದನ್ನು ಉಳಿಸಲು ಜಲಜಮ್ಮನೇ ಒಪ್ಪಿದಳು, ಹೆಸರು ಅವಳಿಗೆ ಹಿಡಿಸಿಬಿಟ್ಟಿತ್ತು. ಬೋರ್ಡು ಅಳಿಸಿದ್ದಕ್ಕೆ ಗಿರಾಕಿಗಳು ಸ್ವಲ್ಪ ಕಮ್ಮಿಯಾದರು, ಪೂರ್ತಿ ಹೋಗಲಿಲ್ಲ. ಕಾಯಿ ರುಚಿಯಾಗಿತ್ತಲ್ಲ. ಮುಕುಂದಯ್ಯ ಒಂದು ಸಂಜೆ ಬೇಲಿಯ ಆಚೆ ನಿಂತು, "ತಮಾಷೆಗೆ ಅಂದಿದ್ದು ಜಲಜಮ್ಮ, ಇಷ್ಟೆಲ್ಲ ಆಗ್ತದೆ ಅಂತ ಗೊತ್ತಿದ್ರೆ ಬಾಯಿ ಬಿಡ್ತಿರ್ಲಿಲ್ಲ" ಎಂದ. ಅವಳು ಎರಡು ಕಾಯಿ ಕೊಟ್ಟು ಕಳಿಸಿದಳು. "ನನ್ನ ಹೊಟ್ಟೆಗೆ ಆಗ್ತದಾ ಇದು?" ಎಂದು ಅವನು ತಗ್ಗಿದ ದನಿಯಲ್ಲಿ ಕೇಳುವಷ್ಟರಲ್ಲಿ ಅವಳು ಪಾಲಿಹೌಸಿನ ಕಡೆ ಹೊರಟಾಗಿತ್ತು.

ಶಿವರಾತ್ರಿ ಕಳೆದು ಸೆಖೆ ಏರಿತು. ಹಗಲೆಲ್ಲ ಪರದೆ ಎತ್ತಿಡದಿದ್ದರೆ ಬಳ್ಳಿ ಬೆಂದುಹೋಗುತ್ತದೆ, ಎತ್ತಿಟ್ಟರೆ ಬಿಟ್ಟ ಗ್ಯಾಸೆಲ್ಲ ಗಾಳಿಪಾಲು. ಜಲಜಮ್ಮನ ಕೈ ಆಗಲೂ ವಾಲ್ವಿನ ಕಡೆ ಹೋಗುತ್ತಿತ್ತು.

"ಅತ್ತೆ, ಈಗ ಬಿಟ್ರೆ ಹೊಸನಗರದ ಕಾಡಿಗೆಲ್ಲ ನಾವೇ ಊಟ ಹಾಕಿದ ಹಾಗೆ" ಎಂದು ಕುಮುದಾ ತಡೆದಳು. ಗ್ಯಾಸು ನಿಂತಿತು. ಬೇಸಿಗೆಯ ಬೆಳೆಯಲ್ಲಿ ಎರಡು ಮನೆಗಳೂ ಸರಿಸಮನಾಗಿ ಕಾಯಿ ಬಿಟ್ಟವು. ಮಳೆಗಾಲದ ಮೋಡದಲ್ಲೂ ಒಂದೆರಡು ಸಲ ಬಿಟ್ಟು ನೋಡಿದರು. ಬೆಳಕಿಲ್ಲದೆ ಗಿಡ ಅದನ್ನು ಮೂಸಿಯೂ ನೋಡಲಿಲ್ಲ. ಸಿಲಿಂಡರಿಗೆ ಕೊಟ್ಟದ್ದು ದಕ್ಕಿದ್ದು ಚಳಿಗಾಲದ ಆ ಬಿಸಿಲಿನ ಬೆಳಗುಗಳಲ್ಲಿ ಮಾತ್ರ. ಮೊದಲು ಇದು ಜಲಜಮ್ಮನಿಗೆ ಸಪ್ಪೆ ಎನಿಸಿತು. ಆಮೇಲೆ ಮಂಜಿನ ತಿಂಗಳು ಎಂದು ಬರುತ್ತದೋ ಎಂದು ಕಾಯುವುದರಲ್ಲೇ ಅವಳಿಗೆ ಒಂದು ಹುರುಪು ಹುಟ್ಟಿತು.

ದೀಪಾವಳಿಯ ಹೊತ್ತಿಗೆ ತೀರ್ಥಹಳ್ಳಿಯಲ್ಲಿ ಪಾಲಿಹೌಸಿನ ರೈತರು ಒಂದು ಕಡೆ ಸೇರಿ, ಮಾತಾಡಲು ಕುಮುದಾಳನ್ನು ಕರೆದರು. ಅವಳು ಅತ್ತೆಯನ್ನೂ ಎಳೆದುಕೊಂಡು ಹೋದಳು. ಅಂಕಿಅಂಶವೆಲ್ಲ ಹೇಳಿ ಮುಗಿಸಿ ಮೈಕನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟಳು. ಜಲಜಮ್ಮನಿಗೆ ಮೈಕು ಹೊಸದು. ಗೋಲಿ ಸೋಡಾ ಹಿಡಿದ ಹಾಗೆ ಹಿಡಿದುಕೊಂಡು, ತಾನು ಕತ್ತಲಲ್ಲಿ ಗ್ಯಾಸು ಬಿಟ್ಟದ್ದು, ಎಲೆ ಹಳದಿಯಾದಾಗ ಇನ್ನಷ್ಟು ಬಿಟ್ಟದ್ದು, ಬೇಸಿಗೆಯಲ್ಲಿ ಬಿಡಲು ಹೋಗಿ ಬೈಸಿಕೊಂಡದ್ದು ಎಲ್ಲವನ್ನೂ ಹೇಳಿದಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಷ್ಟು ಜನ ತನ್ನ ಮಾತು ಕೇಳುತ್ತ ಕೂತದ್ದು ಅವಳ ಬದುಕಿನಲ್ಲಿ ಇದೇ ಮೊದಲು. ಇಳಿದು ಬರುವಾಗ ಅವಳ ಮುಖ ಬೆಳಗುತ್ತಿತ್ತು.

ಅಪೇಕ್ಷಾ ಎಂಬ ಹುಡುಗಿ ಅಲ್ಲೇ ಅಡ್ಡ ಬಂದು ನಿಂತಳು. ಹೊಸದಾಗಿ ದಪ್ಪಮೆಣಸು ಹಾಕಿದ್ದಳಂತೆ. "ಅಮ್ಮ, ಮೊದ್ಲು ಯಾವ ಸಿಲಿಂಡರ್ ತಗೊಳ್ಲಿ ಹೇಳಿ."

"ಸಿಲಿಂಡರ್ ಆಮೇಲೆ. ನಿನ್ನ ಪಾಲಿಹೌಸಿನ ಮೇಲೆ ಬಿಸಿಲು ಹೆಂಗೆ ಬೀಳುತ್ತೆ? ಗುಡ್ಡ ಅಡ್ಡ ಇದ್ಯಾ? ಪರದೆಲಿ ತೂತಿದ್ಯಾ?"

"ಅದು... ಸರಿಯಾಗಿ ನೋಡಿಲ್ಲ."

"ನೋಡ್ದೆ ಹೆಂಗೆ ಹೇಳದು? ಎಷ್ಟು ದೂರ ನಿನ್ನ ಜಮೀನು?"

"ಇಲ್ಲೇ, ಹತ್ರ. ಸ್ಕೂಟಿ ಇದೆ."

ಕುಮುದಾ ಊಟದ ಹಾಲ್‌ನಲ್ಲಿ ಎರಡು ಎಲೆಗೆ ಜಾಗ ಹಿಡಿದು, ಅತ್ತೆಯನ್ನು ಕರೆಯಲು ಹೊರಗೆ ಬಂದಾಗ, ಜಲಜಮ್ಮ ಸೀರೆಯ ನಿರಿಗೆ ಎತ್ತಿ ಹಿಡಿದು ಸ್ಕೂಟಿಯ ಹಿಂದೆ ಕೂತಾಗಿತ್ತು.

"ಅತ್ತೆ! ಎಲೆ ಹಾಕಿಯಾಯ್ತು, ಊಟ?"

"ನೀನು ಕೂತ್ಕೊಳೇ ಕುಮುದಾ. ಮೋಡ ಬರೋದ್ರೊಳಗೆ ಈ ಹುಡುಗಿ ಪಾಲಿಹೌಸಿಗೆ ಬಿಸಿಲು ಹೆಂಗೆ ಬೀಳುತ್ತೆ ನೋಡ್ಕೊಂಡು ಬಂದ್ಬಿಡ್ತೀನಿ" ಎಂದು ಕೂಗಿ, ಜಲಜಮ್ಮ ಅಪೇಕ್ಷಾಳ ಭುಜ ಗಟ್ಟಿಯಾಗಿ ಹಿಡಿದುಕೊಂಡಳು. ಸ್ಕೂಟಿ ತುಂಗೆಯ ಸೇತುವೆಯ ಕಡೆ ತಿರುಗಿತು.